ಮಳೆಗಾಲವೇ ಇಲ್ಲದ ದೇಶ

2025ರ ಜುಲೈ ಕೊನೆಯಲ್ಲಿ ದೊಡ್ಡಪ್ಪ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬೆಂಗಳೂರಿಗೆ ಬಂದಿದ್ದರು. ನಮ್ಮೂರು ಶರಾವತಿ ಹಿನ್ನೀರಿನ ಆಚೆ ದಡದ್ದು, ತುಮರಿ ಕಡೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಅದೇ ತಿಂಗಳ 14ಕ್ಕೆ ಉದ್ಘಾಟನೆಯಾಗಿತ್ತು. ದಶಕಗಟ್ಟಲೆ ಲಾಂಚಿಗೆ ಕಾದು ಕಾದು ಹಣ್ಣಾದ ಮನುಷ್ಯ ಗಾಡಿಯಲ್ಲಿ ಕೂತ ಹಾಗೇ ಹೊಳೆ ದಾಟಿ ಬಂದಿದ್ದರು. ಬಂದವರಿಗೆ ಆಪರೇಷನ್ನಿನ ಚಿಂತೆಗಿಂತ ಸೇತುವೆಯ ವರ್ಣನೆಯೇ ಹೆಚ್ಚಾಗಿತ್ತು.

ಆಪರೇಷನ್ ಆಗಿ ಮೂರನೇ ದಿನ. "ಬಣ್ಣ ಎಲ್ಲ ತೊಳೆದು ಇಟ್ಟಂಗೆ ಕಾಣ್ತದೆ" ಎನ್ನುತ್ತ ಪರದೆ, ಕ್ಯಾಲೆಂಡರ್, ಸ್ಟೀಲ್ ಲೋಟ ಎಲ್ಲವನ್ನೂ ಹೊಸದಾಗಿ ನೋಡುತ್ತಿದ್ದರು. ಹೊಸ ಕಣ್ಣಿಗೆ ಏನಾದರೂ ಕೆಲಸ ಕೊಡೋಣ ಅಂತ ಲ್ಯಾಪ್‌ಟಾಪ್ ತೆರೆದು ಉಪಗ್ರಹ ನಕ್ಷೆಯಲ್ಲಿ ನಮ್ಮನೆ ತೋರಿಸಿದೆ. ನನಗೆ ಇದು ಹದಿನೈದು ವರ್ಷದ ಚಟ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ದೇಶ ಸುತ್ತದಿದ್ದರೆ ನಿದ್ದೆ ಬರುವುದಿಲ್ಲ. ಬಸ್ ಚಾರ್ಜಿಲ್ಲ, ರಜೆ ಚೀಟಿ ಬೇಡ.

ದೊಡ್ಡಪ್ಪ ಒಂದು ನಿಮಿಷ ಮೂಗು ಮುಂದಕ್ಕೆ ಚಾಚಿ ನೋಡಿದರು. "ಇದು ಜನವರೀಲಿ ತೆಗ್ದಿದ್ದು" ಅಂದರು.

"ಹೇಗೆ ಹೇಳ್ತೀರಿ?"

"ಅಂಗಳದಲ್ಲಿ ಕೆಂಪಗೆ ಕಾಣ್ತಿಲ್ವಾ? ಅಟ್ಟದ ಮೇಲೆ ಬೇಯಿಸಿದ ಅಡಿಕೆ ಹರವಿದೀವಿ. ಗದ್ದೆ ಕೊಯ್ದಾಗಿದೆ. ಕೆರೇಲಿ ನೀರು ಇನ್ನೂ ಇದೆ. ಜನವರಿ. ತಪ್ಪಿದ್ರೆ ಫೆಬ್ರವರಿ ಮೊದ್ಲ ವಾರ."

ಚಿತ್ರದ ತಾರೀಕು ಎಲ್ಲಿರುತ್ತದೆ ಅಂತ ಹುಡುಕಿ ನೋಡಿದೆ. ಜನವರಿ 27. ನಾನು ಅದೇ ಅಂಗಳವನ್ನು ನೂರು ಸಲ ಮೇಲಿನಿಂದ ನೋಡಿದ್ದೇನೆ. ಆ ಕೆಂಪು ಚೌಕವನ್ನು ಹಂಚಿನ ಮಾಡು ಅಂದುಕೊಂಡಿದ್ದೆ.

ಅಲ್ಲಿಂದ ಜೋಗಕ್ಕೆ ಕರೆದುಕೊಂಡು ಹೋದೆ. ಕಪ್ಪು ಬಂಡೆ, ಅದರ ಮೇಲೆ ದಾರದಂಥ ಒಂದು ಬಿಳಿ ಗೆರೆ, ಅಷ್ಟೆ. ಆಗುಂಬೆಗೆ ಹೋದೆವು, ಅಲ್ಲಿಯೂ ಬಿಸಿಲು. ಹುಲಿಕಲ್ ಘಾಟಿ, ಕೊಡಚಾದ್ರಿ, ಎಲ್ಲೆಡೆ ಫಳಫಳ ಬಿಸಿಲು. ದೊಡ್ಡಪ್ಪನಿಗೆ ಬೇಜಾರಾಯಿತು. "ಮಳೆ ಬರ್ತಾ ಇರೋದು ಒಂದೂ ಇಲ್ವಾ?"

ಇಲ್ಲ ಅಂದೆ.

"ಮತ್ತೆ ಇದು ಎಂತ ಮಾರಾಯ, ಅರ್ಧ ವರ್ಷದ ನಕ್ಷೆ!"

ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಹದಿನೈದು ವರ್ಷ ಕಚ್ಛದಿಂದ ಅರುಣಾಚಲದವರೆಗೆ ತಿರುಗಿದವನಿಗೆ ಆ ದೇಶದಲ್ಲಿ ಒಂದು ದಿನವೂ ಮಳೆ ಬಂದಿಲ್ಲ ಅನ್ನುವುದು ಹೊಳೆದೇ ಇರಲಿಲ್ಲ.

ಕಾರಣ ಸರಳ. ನಾವು ನೋಡುವ ಚಿತ್ರಗಳನ್ನು ತೆಗೆಯುವ ಉಪಗ್ರಹಗಳಿಗೆ ಇರುವುದು ನಮ್ಮಂಥದೇ ಕಣ್ಣು, ಸೂರ್ಯನ ಬೆಳಕು ನೆಲಕ್ಕೆ ಬಿದ್ದು ವಾಪಸು ಬಂದರೆ ಮಾತ್ರ ಕಾಣುತ್ತದೆ. ಮೋಡ ಅಡ್ಡ ಬಂದರೆ ಮೋಡದ ಬೆನ್ನು ಕಾಣುತ್ತದೆ. ನಕ್ಷೆ ಮಾಡುವವರಿಗೆ ಮೋಡ ಎಂದರೆ ಕಸ. ಒಂದೇ ಜಾಗದ ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ, ಮೋಡವಿಲ್ಲದ ಚುಕ್ಕೆಗಳನ್ನಷ್ಟೇ ಆರಿಸಿ ಹೊಲಿಯುತ್ತಾರೆ. ಗೂಗಲ್‌ನವರು 2013ರಲ್ಲಿ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳಿಂದ ಹೀಗೆಯೇ ಮೋಡವೇ ಇಲ್ಲದ ಇಡೀ ಭೂಮಿಯನ್ನು ಹೊಲಿದು ಕೊಟ್ಟರು, 2016ರಲ್ಲಿ ಇನ್ನಷ್ಟು ನಯವಾಗಿ ಹೊಲಿದರು. ನಮ್ಮ ದೇಶದ ಮಟ್ಟಿಗೆ ಮೋಡವಿಲ್ಲದ ಚಿತ್ರ ಬೇಕೆಂದರೆ ಕೈಗೆ ಸಿಗುವುದು ಹೆಚ್ಚಾಗಿ ದೀಪಾವಳಿ ಕಳೆದ ಮೇಲೆ, ಮುಂಗಾರು ಬರುವ ಮೊದಲು. ಇನ್ನೊಂದು ತಮಾಷೆ ಏನೆಂದರೆ ಈ ಉಪಗ್ರಹಗಳಲ್ಲಿ ಹೆಚ್ಚಿನವು ಒಂದು ಊರಿನ ಮೇಲೆ ಹಾಯುವುದು ಸ್ಥಳೀಯ ಗಡಿಯಾರದಲ್ಲಿ ಬೆಳಿಗ್ಗೆ ಹತ್ತು, ಹತ್ತೂವರೆಯ ಹೊತ್ತಿಗೆ. ಹಾಗಾಗಿ ನಕ್ಷೆಯ ಭಾರತದಲ್ಲಿ ಸದಾ ಬೆಳಿಗ್ಗೆ ಹತ್ತೂವರೆ, ಸದಾ ಒಣ ಹವೆ. ಸ್ನಾನ ಮಾಡಿ ತಲೆ ಬಾಚಿ ಫೋಟೋ ಸ್ಟುಡಿಯೋದಲ್ಲಿ ನಿಂತ ಹಾಗೆ.

ಹೊಲಿಗೆ ಅಂದೆನಲ್ಲ, ಅದರಿಂದ ನಾನೊಮ್ಮೆ ಮೋಸ ಹೋಗಿದ್ದೆ. ದಾವಣಗೆರೆಯ ಆಸುಪಾಸಿನಲ್ಲಿ ಹೊಲಗಳ ಮೇಲೆ ರೂಲರ್ ಇಟ್ಟು ಎಳೆದಂಥ ಒಂದು ಗೆರೆ. ಆಚೆ ಕಂದು, ಈಚೆ ಹಸಿರು. ಭದ್ರಾ ಕಾಲುವೆಯ ಅಂಚು ಸಿಕ್ಕಿತು ಎಂದು ಗೆಳೆಯರಿಗೆಲ್ಲ ಚಿತ್ರ ಕಳಿಸಿ ದೊಡ್ಡ ಪ್ರವಚನ ಕೊಟ್ಟೆ. ಕಾಲುವೆಯೂ ಇಲ್ಲ, ಎಂಥದೂ ಇಲ್ಲ. ಒಂದು ಬದಿಯ ಚಿತ್ರ ಮಾರ್ಚ್ ತಿಂಗಳದ್ದು, ಇನ್ನೊಂದು ಬದಿಯದು ನವೆಂಬರ್‌ದು. ಅಜ್ಜಿ ಹೊಲಿದ ಕೌದಿಯಲ್ಲಿ ಹಳೆ ಸೀರೆಯ ಪಕ್ಕ ಹಳೆ ಪಂಚೆ ಕೂತ ಹಾಗೆ ಎರಡು ಋತುಗಳು ಪಕ್ಕಪಕ್ಕ ಕೂತಿದ್ದವು. ಗೆಳೆಯನೊಬ್ಬ ಕೃಷಿ ಇಲಾಖೆಯಲ್ಲಿದ್ದಾನೆ, ಆ ಪ್ರವಚನವನ್ನು ಇವತ್ತಿಗೂ ನೆನಪಿಸುತ್ತಾನೆ.

ನಿಜವಾದ ಕಾಲುವೆ ಅಷ್ಟು ನೆಟ್ಟಗೆ ಇರುವುದಿಲ್ಲ. ಮನುಷ್ಯ ಎಳೆದ ಗೆರೆಯಾದರೂ ಅದು ನೆಲದ ಮಾತು ಕೇಳಿಕೊಂಡೇ ಹೋಗಬೇಕು, ಇಳಿಜಾರು ತಪ್ಪಿದರೆ ನೀರು ನಿಲ್ಲುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಮುನಿರಾಬಾದಿನಿಂದ ಹಿಡಿದು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಯವರೆಗೆ ಹಿಂಬಾಲಿಸಿ ನೋಡಿ. 227 ಕಿಲೋಮೀಟರ್ ಉದ್ದಕ್ಕೂ ಗುಡ್ಡದ ಬುಡ ಸವರಿಕೊಂಡು, ಹಳ್ಳ ಬಂದಲ್ಲಿ ಬಳಸಿಕೊಂಡು ಹೋಗುತ್ತದೆ. ಮೇಲ್ಮಗ್ಗುಲಲ್ಲಿ ಬೂದು ಬಣ್ಣದ ಬಂಡೆ, ಕುರುಚಲು. ಕೆಳಮಗ್ಗುಲಲ್ಲಿ ಭತ್ತದ ಹಸಿರು. ಅರ್ಧ ಕಿಲೋಮೀಟರಿನ ಅಂತರದಲ್ಲಿ ಎರಡು ಬೇರೆ ದೇಶ. ಕಾಲುವೆಯ ಕೊನೆ ಭಾಗಕ್ಕೆ ಹೋಗುತ್ತ ಹೋಗುತ್ತ ಹಸಿರು ತೇಪೆ ತೇಪೆಯಾಗುತ್ತದೆ. ಮೇಲಿನವರು ಭತ್ತ ಹಾಕಿದರೆ ಕೆಳಗಿನವರಿಗೆ ನೀರಿಲ್ಲ ಎಂದು ಪ್ರತಿವರ್ಷ ಪೇಪರಿನಲ್ಲಿ ಓದುವ ಜಗಳ ಅಲ್ಲಿ ಬಣ್ಣದಲ್ಲೇ ಕಾಣುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಆ ಕೆಳಮಗ್ಗುಲಿನ ಊರುಗಳಿಗೆ ಏನನ್ನಿಸಿರಬೇಕು ಎಂದು ತಿಳಿಯಲು ಈ ಒಂದು ಅಂಚನ್ನು ನೋಡಿದರೆ ಸಾಕು.

ದೊಡ್ಡಪ್ಪ ಊರಿಗೆ ಹೋದ ಮೇಲೆ ನನ್ನ ರಾತ್ರಿಯ ತಿರುಗಾಟದ ಕ್ರಮವೇ ಬದಲಾಯಿತು. ಈಗ ಹುಡುಕುವುದು ಒಂದೇ: ನಕ್ಷೆಯವರು ಅಳಿಸಿಹಾಕಿದ ಮಳೆ ಎಲ್ಲೆಲ್ಲಿ ಹೆಜ್ಜೆಗುರುತು ಬಿಟ್ಟಿದೆ? ಕಳ್ಳ ಹೋದ ಮೇಲೆ ಮನೆ ನೋಡುವ ಪೊಲೀಸರ ಹಾಗೆ.

ಮೊದಲು ಹೋಗಿದ್ದು ಮೇಘಾಲಯಕ್ಕೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಚಿರಾಪುಂಜಿ, ಮಾಸಿನ್ರಾಮ್. 1860ರ ಆಗಸ್ಟ್‌ನಿಂದ 1861ರ ಜುಲೈವರೆಗಿನ ಹನ್ನೆರಡು ತಿಂಗಳಲ್ಲಿ ಚಿರಾಪುಂಜಿಯಲ್ಲಿ ಬಿದ್ದ ಮಳೆ 26,461 ಮಿಲಿಮೀಟರ್, ಇವತ್ತಿಗೂ ಜಗತ್ತಿನ ದಾಖಲೆ. ನಮ್ಮ ಆಗುಂಬೆಯ ಮೂರು ವರ್ಷದ ಮಳೆ ಒಂದೇ ವರ್ಷದಲ್ಲಿ. ಅಂಥ ಜಾಗ ಮೇಲಿನಿಂದ ಹೇಗಿರಬೇಕು? ಆಗುಂಬೆಗಿಂತ ಮೂರು ಪಟ್ಟು ಹಸಿರು ಅಂದುಕೊಂಡು ಹೋದರೆ ಕಂಡದ್ದು ಒಣಹುಲ್ಲಿನ ಬಣ್ಣದ ಬೋಳು ಪ್ರಸ್ಥಭೂಮಿ. ಸುಣ್ಣಕಲ್ಲಿನ ಗಣಿಗಳು, ನಡುವೆ ಗೂಡಂಗಡಿಯಷ್ಟು ಚಿಕ್ಕ ಮನೆಗಳು. ಕಾಡೆಲ್ಲ ಕೊರಕಲು ಕಣಿವೆಗಳ ಒಳಗೆ ಅಡಗಿ ಕೂತಿದೆ. ಅಷ್ಟು ಮಳೆ ಹೊಡೆದ ಮೇಲೆ ಮಣ್ಣು ಎಲ್ಲಿ ಉಳಿಯಬೇಕು? ಬಂಡೆಯ ಮೇಲೆ ಸುರಿದ ನೀರು ಬಂಡೆಯ ಮೇಲೇ ಜಾರಿ ಬಾಂಗ್ಲಾದೇಶಕ್ಕೆ ಇಳಿದುಬಿಡುತ್ತದೆ. ಚಳಿಗಾಲದಲ್ಲಿ ಅಲ್ಲಿನ ಜನ ಕುಡಿಯುವ ನೀರಿಗೆ ಪರದಾಡುತ್ತಾರೆ. ನಕ್ಷೆಯನ್ನು ಸ್ವಲ್ಪ ದಕ್ಷಿಣಕ್ಕೆ ಎಳೆದರೆ ಬೆಟ್ಟ ಕತ್ತರಿಸಿದಂತೆ ನಿಂತು ಕೆಳಗೆ ಸಮತಟ್ಟು ಬಯಲು, ಜೌಗು. ಮೇಲೆ ಬಿದ್ದ ಮಳೆಯನ್ನು ಹುಡುಕಬೇಕಾದ್ದು ಅಲ್ಲಿ, ಬೇರೆ ದೇಶದಲ್ಲಿ.

ಬಿಹಾರದ ಕೋಸಿ ಇನ್ನೂ ವಿಚಿತ್ರ. ಹಿಮಾಲಯದಿಂದ ಮಣ್ಣು ಹೊತ್ತು ತಂದು ಬಯಲಲ್ಲಿ ಚೆಲ್ಲಿ, ತಾನು ಚೆಲ್ಲಿದ ಮಣ್ಣಿಗೆ ತಾನೇ ಎಡವಿ ದಾರಿ ಬದಲಿಸುವ ನದಿ. ಕಳೆದ ಎರಡೂವರೆ ಶತಮಾನದಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕೆ ಸರಿದಿದೆ. ಈಗಿನ ನದಿಯಿಂದ ಪೂರ್ವಕ್ಕೆ ಸುಪೌಲ್, ಮಧೇಪುರಾದ ಹೊಲಗಳ ಮೇಲೆ ನಿಧಾನಕ್ಕೆ ಹೋದರೆ ಹಾವು ಹರಿದುಹೋದ ಮೇಲೆ ಮರಳಿನಲ್ಲಿ ಉಳಿದ ಗುರುತುಗಳಂತೆ ಹಳೆ ಪಾತ್ರಗಳು. ಮೇಲೆ ಗೋಧಿ ಬಿತ್ತಿದ್ದಾರೆ, ಮನೆ ಕಟ್ಟಿದ್ದಾರೆ, ರಸ್ತೆ ಹಾಯಿಸಿದ್ದಾರೆ. ಒಣ ತಿಂಗಳ ಚಿತ್ರದಲ್ಲಿ ಅವು ಬರೀ ಬಣ್ಣದ ಛಾಯೆ. ಆದರೆ 2008ರ ಆಗಸ್ಟ್ 18ರಂದು ನೇಪಾಳದ ಕುಸಹಾದಲ್ಲಿ ಏರಿ ಒಡೆದಾಗ ನದಿಗೆ ದಾರಿ ಕೇಳಬೇಕಾಗಿ ಬರಲಿಲ್ಲ, ಎಂದೋ ಬಿಟ್ಟುಹೋಗಿದ್ದ ಹಳೆಯ ಪಾತ್ರ ಹಿಡಿದು ಹೊರಟಿತು. ಬಿಹಾರದಲ್ಲೇ 30 ಲಕ್ಷಕ್ಕೂ ಹೆಚ್ಚು ಜನ ನೀರಿಗೆ ಸಿಕ್ಕರು. ಆ ಛಾಯೆಗಳನ್ನು ನೋಡುವಾಗ ನನಗೆ ಈಗ ಸುಮ್ಮನೆ ಭೂಗೋಳ ಅನ್ನಿಸುವುದಿಲ್ಲ. ಬಾಗಿಲು ಹಾಕಿದೆ, ಅಗುಳಿ ಹಾಕಿಲ್ಲ.

ಕಚ್ಛದಲ್ಲಿ ಉಲ್ಟಾ. ಅಲ್ಲಿ ಮಳೆ ಬಿಟ್ಟುಹೋಗುವ ಗುರುತು ಬಿಳಿ. ಮುಂಗಾರಿನಲ್ಲಿ ರಣ್ ಪೂರ್ತಿ ತೆಳ್ಳಗೆ ನೀರು ನಿಂತು, ಆಮೇಲೆ ಆರಿ ಉಪ್ಪಿನ ಹೊದಿಕೆಯಾಗುತ್ತದೆ. ಚಿಕ್ಕ ರಣ್‌ನಲ್ಲಿ ಉಪ್ಪು ಮಾಡುವ ಅಗರಿಯಾಗಳು ನೀರು ಇಳಿದ ಮೇಲೆ ಹೋಗಿ ಹೊಸದಾಗಿ ಮಡಿ ಕಟ್ಟುತ್ತಾರೆ, ಮತ್ತೆ ಮಳೆ ಬರುವ ಮೊದಲು ಹಿಂತಿರುಗುತ್ತಾರೆ. ಮೇಲಿನಿಂದ ಆ ಮಡಿಗಳು ಗಣಿತದ ಚೌಕುಳಿ ಪುಸ್ತಕ. ಅಲ್ಲೇ ಮೇಲೆ ಖಡೀರ್ ಎಂಬ ನಡುಗಡ್ಡೆಯಲ್ಲಿ ಸಿಂಧೂ ನಾಗರಿಕತೆಯ ಹಾಳೂರು ಧೋಲಾವೀರ ಇದೆ. ಹತ್ತಿರ ಹೋಗಿ ನೋಡಿ: ಕೋಟೆಯ ಗೋಡೆಗುಂಟ ಆಯತಾಕಾರದ ದೊಡ್ಡ ದೊಡ್ಡ ಹೊಂಡಗಳು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಜನ ಎರಡು ಮಳೆಹಳ್ಳಗಳ ನೀರನ್ನು ಹಿಡಿದಿಟ್ಟ ತೊಟ್ಟಿಗಳು. ಊರು ಅಳಿದಿದೆ, ಭಾಷೆ ಅಳಿದಿದೆ, ಲಿಪಿ ಓದಲು ಬರುವವರಿಲ್ಲ. ಮಳೆಗೆ ಅವರು ತೋಡಿದ ಹೊಂಡ ಮಾತ್ರ ಬಾಹ್ಯಾಕಾಶದಿಂದ ಕಾಣುತ್ತದೆ.

ರಾಜಸ್ಥಾನದ ಇಂದಿರಾ ಗಾಂಧಿ ಕಾಲುವೆ, ತಮಿಳುನಾಡಿನ ರಾಮನಾಥಪುರದ ಸಾವಿರಾರು ಕೆರೆ, ಲಡಾಖಿನ ಕಂದು ಕಣಿವೆಯಲ್ಲಿ ಹೊಳೆಗುಂಟ ಎಳೆದ ಹಸಿರು ನೂಲು, ಇವುಗಳ ಬಗ್ಗೆ ಇನ್ನೊಮ್ಮೆ ಬರೆದೇನು. ಈಗ ಕೋಲಾರದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅಲ್ಲಿ ಗುರುತು ನೋಡಿ ಮಳೆ ಹೇಳುವ ನನ್ನ ವಿದ್ಯೆ ಕೈಕೊಟ್ಟಿತು.

ಕೋಲಾರದ ಕೆರೆಗಳು ಸರಣಿಯಲ್ಲಿವೆ. ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಮೇಲಿನಿಂದ ನೋಡಿದರೆ ಒಂದೊಂದೂ ಚೌತಿಯ ಚಂದ್ರನ ಆಕಾರ, ಏರಿಯ ಬಾಗು ಇಳಿಜಾರಿನ ಕಡೆಗೆ. ಹಳೆಯ ಚಿತ್ರಗಳಲ್ಲಿ ಬಹುತೇಕ ಚಂದ್ರರೆಲ್ಲ ಕಂದು, ಒಳಗೆ ಜಾಲಿ. ನಕ್ಷೆಯಲ್ಲಿ ವರ್ಷ ಬದಲಿಸುವ ಕಾಲದ ಪಟ್ಟಿಯನ್ನು ಎಳೆಯುತ್ತ ಬಂದರೆ 2018ರ ನಂತರ ಸಾಲಿನಲ್ಲಿ ಕೆಲವು ಕೆರೆಗಳು ಏಪ್ರಿಲ್‌ನಲ್ಲೂ ತುಂಬಿ ನಿಂತಿವೆ. ಯಾವ ಏಪ್ರಿಲ್ ಮಳೆ ಇದು? ಮಳೆಯಲ್ಲ, ನಾವು ಬೆಂಗಳೂರಿಗರು. ನಮ್ಮ ಬಚ್ಚಲ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಪೈಪ್ ಮೂಲಕ ಕಳಿಸಲು ಶುರುಮಾಡಿದ್ದು ಆ ವರ್ಷದ ಜೂನ್‌ನಲ್ಲಿ, ಮೊದಲು ಲಕ್ಷ್ಮೀಸಾಗರ ಕೆರೆಗೆ. ಆ ನೀರಿನ ಗುಣದ ಬಗ್ಗೆ ಕೋಲಾರದವರಿಗೆ ತಕರಾರು ಇದೆ, ಇರಬೇಕಾದ್ದೇ. ನೀಲಿ ಕಂಡಲ್ಲೆಲ್ಲ ವರುಣನಿಗೆ ಕೈಮುಗಿಯಬಾರದು ಎಂದಷ್ಟೇ ನಾನು ಕಲಿತೆ.

ಹಾಗಂತ ಮಳೆಯೊಳಗೆ ನೋಡುವ ಕಣ್ಣು ಇಲ್ಲವೇ ಇಲ್ಲ ಎಂದಲ್ಲ. ರೇಡಾರ್ ಉಪಗ್ರಹಗಳು ಸೂರ್ಯನಿಗೆ ಕಾಯುವುದಿಲ್ಲ, ತಾವೇ ಅಲೆ ಕಳಿಸಿ ಅದು ತಿರುಗಿ ಬರುವುದನ್ನು ಕೇಳಿಸಿಕೊಳ್ಳುತ್ತವೆ. ಆ ಅಲೆಗೆ ಮೋಡ ಲೆಕ್ಕಕ್ಕಿಲ್ಲ, ರಾತ್ರಿಯೂ ಲೆಕ್ಕಕ್ಕಿಲ್ಲ. ನಿಂತ ನೀರಿನ ಮೇಲೆ ಬಿದ್ದ ಅಲೆ ಕನ್ನಡಿಗೆ ಬಿದ್ದ ಟಾರ್ಚಿನಂತೆ ಆಚೆಗೆ ಚಿಮ್ಮಿಹೋಗುವುದರಿಂದ ಚಿತ್ರದಲ್ಲಿ ನೀರು ಕಪ್ಪಗೆ ಬರುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ ಹೈದರಾಬಾದಿನ ಇಸ್ರೋ ಕೇಂದ್ರ ಎರಡು ಚಿತ್ರ ಬಿಡುಗಡೆ ಮಾಡಿತು. ದುರಂತಕ್ಕೆ ಮುಂಚಿನದು ಕಾರ್ಟೊಸ್ಯಾಟ್-3 ತೆಗೆದ 2023ರ ಮೇ 22ರ ಚಿತ್ರ: ಹಸಿರು, ಬಿಸಿಲು, ಚಹಾ ತೋಟದ ಸಾಲು ಸಾಲು. ನಂತರದ್ದು ಜುಲೈ 31ರ ರೀಸ್ಯಾಟ್ ರೇಡಾರ್ ಚಿತ್ರ: ಬಣ್ಣವೇ ಇಲ್ಲ, ಬೂದಿ ಎರಚಿದಂತೆ ಕಾಳು ಕಾಳು, ನಡುವೆ ಸುಮಾರು ಎಂಟು ಕಿಲೋಮೀಟರ್ ಉದ್ದದ ಗಾಯ. ಮೋಡ ಇನ್ನೂ ಕವಿದಿದ್ದರಿಂದ ಬೇರೆ ಯಾವ ಕಣ್ಣಿಗೂ ಅದು ಕಾಣುತ್ತಿರಲಿಲ್ಲ. ಹೆಚ್ಚಿನವರು ಫೋನಿನಲ್ಲಿ ಮೊದಲ ಚಿತ್ರವನ್ನೇ ಹಂಚಿಕೊಂಡರು. ಎರಡನೆಯದನ್ನು ಓದಲು ನಮಗೆ ಯಾರೂ ಕಲಿಸಿಲ್ಲ.

ದೊಡ್ಡಪ್ಪ ನಮ್ಮಲ್ಲಿದ್ದ ಕಡೆಯ ಸಂಜೆಗೆ ವಾಪಸು ಬರುತ್ತೇನೆ. "ಅರ್ಧ ವರ್ಷದ ನಕ್ಷೆ" ಎಂದು ಬೈದವರೇ ಅವತ್ತು ಅದನ್ನು ಬಿಟ್ಟು ಏಳಲಿಲ್ಲ. ಹಿಂದಿನ ವರ್ಷಗಳ ಚಿತ್ರವನ್ನೂ ತೋರಿಸಬಹುದು ಅಂದೆ. ನಮ್ಮ ಶರಾವತಿ ಹಿನ್ನೀರಿನ ಜಲಾಶಯ ಲಿಂಗನಮಕ್ಕಿ ತೀರಾ ಇಳಿದಿದ್ದ ಒಂದು ಬೇಸಿಗೆಯ ಚಿತ್ರ ಸಿಕ್ಕಿತು. ತುಂಬಿದರೆ 1,819 ಅಡಿಯಲ್ಲಿ ನಿಲ್ಲುವ ನೀರು ಎಷ್ಟೋ ಕೆಳಗೆ ಹೋಗಿ, ದಡದುದ್ದಕ್ಕೂ ಕೆಂಪು ಮಣ್ಣಿನ ಪಟ್ಟೆ ಪಟ್ಟೆ, ಕೈತುಂಬ ಬಳೆ ಇಟ್ಟ ಹಾಗೆ. ಅಂಥ ವರ್ಷಗಳಲ್ಲಿ ಹಿರೇಭಾಸ್ಕರದ ಹಳೆ ಅಣೆಕಟ್ಟು ಕೂಡ ತಲೆ ಎತ್ತುತ್ತದೆ. ಮುಳುಗಿಸಿದ ಅಣೆಕಟ್ಟನ್ನೇ ಮುಳುಗಿಸಿದ ಅಣೆಕಟ್ಟು ನಮ್ಮದು.

1964ರಲ್ಲಿ ಲಿಂಗನಮಕ್ಕಿ ಮುಗಿದಾಗ ದೊಡ್ಡಪ್ಪನಿಗೆ ಹನ್ನೆರಡು. ನಮ್ಮವರ ಹಳೆ ಮನೆ, ತೋಟ, ಗದ್ದೆ ಎಲ್ಲ ಆ ನೀರಿನಡಿ. ಬಹಳ ಜನರನ್ನು ಲಾರಿಯಲ್ಲಿ ತುಂಬಿ ದೂರದ ಕಾಡುಗಳಲ್ಲಿ ಇಳಿಸಿದರು. ನಮ್ಮ ಮನೆಯವರು ಗುಡ್ಡ ಹತ್ತಿ ಅಲ್ಲೇ ಉಳಿದರು. ಮುಳುಗಡೆ ಎಂಬ ಶಬ್ದ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತಿತ್ತು, ಆದರೆ ಆ ಊರು ಎಲ್ಲಿತ್ತು ಎಂದು ಕೇಳಿದರೆ ಎಲ್ಲರೂ ನೀರಿನ ಕಡೆ ಕೈಬೀಸಿ ಸುಮ್ಮನಾಗುತ್ತಿದ್ದರು.

ದೊಡ್ಡಪ್ಪ ಕೆಂಪು ಬಳೆಗಳ ನಡುವೆ ಬೆರಳು ಓಡಿಸಿದರು. ಪರದೆಗೆ ಬೆರಳಿನ ಗುರುತು ಬೀಳುತ್ತದೆ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. "ಇದು ಗಾಡಿ ರಸ್ತೆ." ನನಗೆ ಕಂಡದ್ದು ಮಣ್ಣಿಗಿಂತ ಒಂದು ಪಾಲು ತಿಳಿಯಾದ ಗೆರೆ. "ಇಲ್ಲಿ ಸಂಕ ಇತ್ತು. ಇದು ನಮ್ಮ ಗದ್ದೆಯ ಏರಿ. ಈ ಅಂಚು ಇನ್ನೂ ಹಂಗೇ ಇದೆಯಲ್ಲ! ಇಲ್ಲಿಂದ ಶಾಲೆಗೆ ಮೇಲೆ ಹತ್ತೋದು." ಅಲ್ಲಿ ನಿಂತು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎತ್ತರದ ದಡಕ್ಕೆ ಬಂದು, ನಾನು ಕಾಡು ಎಂದುಕೊಂಡಿದ್ದ ಕಡುಹಸಿರು ತುಂಡನ್ನು ತಟ್ಟಿ, "ಇದು ಕಾಡಲ್ಲ, ಅಕೇಶಿಯಾ ನೆಡುತೋಪು. ನೋಡು, ಎಲ್ಲ ಒಂದೇ ಬಣ್ಣ" ಅಂದರು. ಅಲ್ಲಿಗೆ ನನ್ನ ಹದಿನೈದು ವರ್ಷದ ಅನುಭವಕ್ಕೆ ಎರಡನೇ ಪೆಟ್ಟು.

"ಮಳೆಗಾಲದ್ದಾಗಿದ್ರೆ ಇದು ಕಾಣ್ತಿರಲಿಲ್ಲ ದೊಡ್ಡಪ್ಪ" ಅಂದೆ, ನಕ್ಷೆಯ ಪರವಾಗಿ ವಕಾಲತ್ತು ವಹಿಸಿ.

"ಹೌದು" ಅಂದರು. ಒಂದು ಗುಟುಕು ಕಷಾಯ ಕುಡಿದರು. "ಆದ್ರೂ ಮಳೆದು ಒಂದು ಬೇಕಿತ್ತು."

ಆಗ ನೆನಪಾಯಿತು, ಹವಾಮಾನ ಇಲಾಖೆಯ ಇನ್ಸಾಟ್ ಚಿತ್ರಗಳು. ಅದರಲ್ಲಿ ಮನೆಯೂ ಕಾಣದು, ಕೆರೆಯೂ ಕಾಣದು. 36,000 ಕಿಲೋಮೀಟರ್ ಎತ್ತರದಿಂದ ಇಡೀ ದೇಶ ಒಂದೇ ಚೌಕಟ್ಟಿನಲ್ಲಿ, ಅರ್ಧ ಗಂಟೆಗೊಮ್ಮೆ ಹೊಸ ಚಿತ್ರ. ಅವತ್ತಿನ ಸಂಜೆಯದನ್ನು ತೆಗೆದೆ. ಅರಬ್ಬಿ ಸಮುದ್ರದಿಂದ ಬಂದ ಬಿಳಿ ರಾಶಿ ಕಾರವಾರದಿಂದ ಕೇರಳದವರೆಗೆ ಘಟ್ಟಕ್ಕೆ ಆನಿಕೊಂಡು ಮಲಗಿತ್ತು. ಜೋಗ ಇಲ್ಲ, ಹಿನ್ನೀರಿಲ್ಲ, ಸೇತುವೆ ಇಲ್ಲ. ಕಂಪ್ಯೂಟರ್ ಎಳೆದ ಜಿಲ್ಲೆಯ ಗಡಿಗೆರೆಗಳು ಮಾತ್ರ ಬಿಳಿಯ ಮೇಲೆ ತೇಲುತ್ತಿದ್ದವು.

ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು. ಶಿವಮೊಗ್ಗ ಜಿಲ್ಲೆಯ ಪಶ್ಚಿಮದ ಅಂಚು ಹುಡುಕಿ, ಆ ಬಿಳಿಯ ನಟ್ಟನಡುವೆ ಬೆರಳಿಟ್ಟರು. "ಹಾಂ, ಇದು ನಮ್ಮೂರು."

ಬೆರಳು ತೆಗೆಯದೆಯೇ ಇನ್ನೊಂದು ಕೈಯಲ್ಲಿ ಫೋನ್ ಎತ್ತಿ ಮನೆಗೆ ಹಚ್ಚಿದರು. ಆ ಕಡೆ ದೊಡ್ಡಮ್ಮ "ಹಲೋ" ಅನ್ನುವ ಮೊದಲೇ ಮಾಡಿನ ಮೇಲೆ ಮಳೆ ಹೊಡೆಯುವ ಸದ್ದು ಕೇಳಿಸಿತು.

"ಮಳೆ ಹೊಳವು ಕೊಟ್ಟಿತ್ತೇನೆ ಇವತ್ತು? ಅಡಿಕೆಗೆ ಎರಡನೇ ಸಲದ ಕೊಳೆ ಔಷಧಿ ಹೊಡೆಯೋಕೆ ಜನ ಬಂದಿದ್ರಾ?"